ಕನ್ನಡಕ ಬೇಡದ ತ್ರೀಡಿ ಫೋಟೊ: ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಲೆಂಟಿಕ್ಯುಲರ್ ಹಾಳೆಯ (ಸಣ್ಣ ಉದ್ದುದ್ದ ಲೆನ್ಸುಗಳ ಸಾಲಿರುವ ಪ್ಲಾಸ್ಟಿಕ್ ಹಾಳೆ) ತ್ರೀಡಿ ಪ್ರಿಂಟ್ ಮಾಡಿಸುತ್ತಿದ್ದೇನೆ. ಮಾದರಿ ಕೈಗೆ ಬಂದಾಗ ಏನೇನು ನೋಡಬೇಕು?

ಉತ್ತರ: ಆಳ ನೋಡಿ ಮರುಳಾಗಬೇಡಿ. ಎಷ್ಟು ಮುಂದೆ ಚಾಚಿದೆ ಅನ್ನುವುದಕ್ಕಿಂತ ಎಷ್ಟು ಸ್ವಚ್ಛವಾಗಿದೆ ಅನ್ನುವುದು ಮುಖ್ಯ.

ಪ್ರಿಂಟನ್ನು ನೇರವಾಗಿ ನಿಲ್ಲಿಸಿ, ಮುಂದೆ ಅದನ್ನು ಎಷ್ಟು ದೂರದಿಂದ ನೋಡುತ್ತಾರೋ ಅಷ್ಟೇ ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿ. ಆಗ ಒಂದು ಸಾದಾ ಚಿತ್ರ ಮಾತ್ರ ಕಾಣಬೇಕು. ಕಪ್ಪು ಕೂದಲು ತಿಳಿ ಹಿನ್ನೆಲೆಗೆ ತಾಗುವ ಅಂಚಿನಲ್ಲಿ ಅದರದೇ ಮಸುಕಾದ ಇನ್ನೊಂದು ಅಂಚು ಕಂಡರೆ ಅದು ಗೋಸ್ಟಿಂಗ್: ಪಕ್ಕದ ನೋಟ (ತುಸು ಬೇರೆ ಕೋನದ, ಪಟ್ಟಿಗಳಾಗಿ ಲೆನ್ಸಿನಡಿ ಸೇರಿಸಿದ ಚಿತ್ರ) ಇಣುಕುತ್ತಿದೆ. ತುಸು ಇದ್ದೇ ಇರುತ್ತದೆ. ಮುಖದ ಮೇಲೆಯೇ ಕಂಡರೆ ಒಪ್ಪಬೇಡಿ. ಶಾಯಿ ಹರಡಿರಬಹುದು, ಅಂಟಿನ ಪದರ ದಪ್ಪವಾಗಿ ಲೆನ್ಸಿನ ಫೋಕಸ್ ತಪ್ಪಿರಬಹುದು. ಆದರೆ ಹೆಚ್ಚಿನ ಸಲ ಆಳದ ಆಸೆಯೇ ಕಾರಣ. ಮುಖ್ಯ ವಸ್ತುವನ್ನು ಹಾಳೆಯ ಮಟ್ಟದಲ್ಲೇ ಇರಿಸಿ, ಹಿಂದಿನದನ್ನು ಸ್ವಲ್ಪ ಹತ್ತಿರಕ್ಕೆ ತಂದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇನ್ನು ಎರಡೂ ಕಣ್ಣು ತೆರೆದು ತಲೆಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ. ನೋಟ ನಯವಾಗಿ ಹೊರಳಬೇಕು. ಒಂದು ಹಂತದಲ್ಲಿ ಚಿತ್ರ ಥಟ್ಟನೆ ಜಿಗಿಯುವುದು ದೋಷವಲ್ಲ. ನೋಟಗಳ ಸರಣಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ ಜಾಗ ಅದು. ಆದರೆ ಇಡೀ ಹಾಳೆ ಒಟ್ಟಿಗೇ ಜಿಗಿಯಬೇಕು. ಎಡಭಾಗ ಜಿಗಿದು ಬಲಭಾಗ ಹಾಗೇ ಉಳಿದರೆ ಪಿಚ್ (ಇಂಚಿಗೆ ಎಷ್ಟು ಲೆನ್ಸ್, ಎಷ್ಟು ಚಿತ್ರದ ಪಟ್ಟಿ ಎಂಬ ಲೆಕ್ಕ) ಹೊಂದಿಲ್ಲ. ಜಿಗಿತದ ಗೆರೆ ಓರೆಯಾಗಿದ್ದರೆ ಹಾಳೆ ಅಂಟಿಸುವಾಗ ವಾರೆಯಾಗಿದೆ.

ಪ್ರಶ್ನೆ: 60 ಎಲ್‌ಪಿಐ (ಇಂಚಿಗೆ 60 ಲೆನ್ಸ್) ಹಾಳೆಗೆ ಸಾಫ್ಟ್‌ವೇರ್‌ನಲ್ಲಿ 60 ಎಂದೇ ಕೊಟ್ಟೆ. ಆದರೂ ಚಿತ್ರದ ಮೇಲೆ ಉದ್ದುದ್ದ ಪಟ್ಟೆಗಳು!

ಉತ್ತರ: 60 ಎಂಬುದು ಹಾಳೆಯ ಹೆಸರು, ಅಳತೆಯಲ್ಲ. ನಿಜವಾದ ಪಿಚ್ 60.2 ಇದ್ದರೆ 10 ಇಂಚು ಅಗಲದಲ್ಲಿ ಲೆನ್ಸ್ 602, ನಿಮ್ಮ ಚಿತ್ರದ ಪಟ್ಟಿ 600. ಎರಡು ಲೆನ್ಸಿನಷ್ಟು ಜಾರಿದ್ದರಿಂದ ನಿಂತಲ್ಲಿಂದಲೇ ನೋಟಗಳ ಸರಣಿ ಎರಡು ಸುತ್ತು ಹೊಡೆದುಬಿಡುತ್ತದೆ.

ಪಿಚ್ ಟೆಸ್ಟ್ ಮಾಡಿ. 59.8ರಿಂದ 60.5ರವರೆಗೆ 0.05ರ ಅಂತರದಲ್ಲಿ ಕಪ್ಪು-ಬಿಳಿ ಗೆರೆಗಳ ಸಾಲುಗಳನ್ನು ಮುದ್ರಿಸಿ, ಮೇಲೆ ಲೆನ್ಸ್ ಹಾಳೆ ಇಟ್ಟು, ನಿಗದಿತ ದೂರದಿಂದ ಒಂದೇ ಕಣ್ಣಲ್ಲಿ ನೋಡಿ. ತುದಿಯಿಂದ ತುದಿಗೆ ಏಕವಾಗಿ ಕಪ್ಪೋ ಬಿಳಿಯೋ ಆಗುವ ಸಾಲೇ ನಿಮ್ಮ ಅಂಕಿ. ಹತ್ತಿರದಿಂದ ನೋಡುವ ಪ್ರಿಂಟಿಗೆ ಅದು ತುಸು ಕಡಿಮೆ ಬರುತ್ತದೆ, ಹಾಗಾಗಿ ದೂರ ಬದಲಾದರೆ ಟೆಸ್ಟೂ ಹೊಸದಾಗಿ ಆಗಬೇಕು. ಪ್ರಿಂಟರ್, ಕಾಗದ, ಕಾಗದ ಹಾಕುವ ದಿಕ್ಕು, ಇವು ಮೂರೂ ಅಂತಿಮ ಮುದ್ರಣದಲ್ಲಿ ಅವೇ ಇರಲಿ. ತೇವಕ್ಕೆ ಕಾಗದ ಹಿಗ್ಗುತ್ತದೆ ಅನ್ನುವುದೂ ನೆನಪಿರಲಿ.

ಪ್ರಶ್ನೆ: ನೋಟಗಳು ಹೆಚ್ಚಿದಷ್ಟೂ ಒಳ್ಳೆಯದೇ?

ಉತ್ತರ: ಒಂದು ಮಿತಿಯವರೆಗೆ. ಪ್ರಿಂಟರಿನ ಡಿಪಿಐಯನ್ನು (ಇಂಚಿಗೆ ಮುದ್ರಿಸುವ ಚುಕ್ಕಿಗಳ ಸಂಖ್ಯೆ) ಎಲ್‌ಪಿಐಯಿಂದ ಭಾಗಿಸಿ: 720ಕ್ಕೆ 60 ಅಂದರೆ 12 ನೋಟ. ಅದೇ ಹಾಳೆಗೆ 24 ನೋಟ ತುರುಕಿದರೆ ಪಕ್ಕಪಕ್ಕದವು ಬೆರೆತುಹೋಗುತ್ತವೆ. ಹೊರಳುವುದು ನಯವಾದೀತು, ಅಂಚುಗಳ ಚುರುಕು ಮಾತ್ರ ಹೆಚ್ಚುವುದಿಲ್ಲ.