ಒಂದೇ ಥರ ಕೇಳಿಸುವ ಪದಗಳಿಂದ ಎಲ್ಲ ಭಾಷೆಗಳ ಮೂಲ ಹುಡುಕಬಹುದೇ?

ಹತ್ತಾರು ಭಾಷೆಗಳಿಂದ ಒಂದೇ ಥರ ಕೇಳಿಸುವ, ಒಂದೇ ಅರ್ಥದ ಪದಗಳನ್ನು ಕೂಡಿಹಾಕಿದ್ದೀರಿ. ಎಲ್ಲ ಭಾಷೆಗಳ ತಾಯಿಯನ್ನು ಹುಡುಕಲು ಇದನ್ನೇ ಪುಸ್ತಕ ಮಾಡಲೋ, ಪಿಎಚ್‌ಡಿಗೆ ಸೇರಲೋ ಅಂತ ಕೇಳಿದ್ದೀರಿ. ಅಯ್ಯೋ, ಇಂಥದೇ ಪಟ್ಟಿ ನನ್ನ ಹತ್ತಿರವೂ ಇತ್ತು.

ಅದರ ‘ಅರ್ಥ’ ಕಾಲಂನಲ್ಲಿ ಮೊದಲು ‘ನೀರು’ ಅಂತಷ್ಟೇ ಬರೆದಿದ್ದೆ. ಆಮೇಲೆ ಅದು ‘ನೀರು/ಮಳೆ’ ಆಯಿತು. ಕೊನೆಗೆ ‘ನೀರು/ಮಳೆ/ನದಿ/ಕುಡಿ/ಒದ್ದೆ’. ಅಷ್ಟು ಸಡಿಲ ಬಿಟ್ಟರೆ ಯಾವ ಭಾಷೆಯಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತದೆ, ಅಲ್ವಾ?

ಆದರೆ ನನ್ನನ್ನು ಮುಳುಗಿಸಿದ್ದು ‘ಎರಡು’. ಆರ್ಮೇನಿಯನ್ ಭಾಷೆಯಲ್ಲಿ ಎರಡಕ್ಕೆ ‘ಎರ್ಕು’ ಅನ್ನುತ್ತಾರೆ. ಇಲ್ಲಿ ಎರಡು, ಅಲ್ಲಿ ಎರ್ಕು! ಆ ರಾತ್ರಿ ನಿದ್ದೆ ಬರಲಿಲ್ಲ. ಪಿಎಚ್‌ಡಿ ಪ್ರಸ್ತಾವನೆಯ ಮೊದಲ ಪುಟಕ್ಕೇ ಇದನ್ನು ತಂದು ಕೂರಿಸಿದೆ. ಒಂದು, ಮೂರು, ನಾಲ್ಕು ಯಾವುದೂ ಹೊಂದುತ್ತಿರಲಿಲ್ಲ. ಅವೆಲ್ಲ ಕಾಲಕ್ರಮೇಣ ಕಳೆದುಹೋಗಿರಬೇಕು ಅಂದುಕೊಂಡೆ.

ಸಂದರ್ಶನದಲ್ಲಿ ಒಬ್ಬ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಈ ಎರ್ಕು ಮೊದಲು ಹೇಗಿತ್ತು?” ನಾನು ಕಕ್ಕಾಬಿಕ್ಕಿ. ಅವರೇ ಎದ್ದು ಬೋರ್ಡಿನ ಮೇಲೆ ಬರೆದರು. ಆರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ್ದು. ಆ ಕುಟುಂಬದ ಹಳೆಯ ‘ದ್ವ್’ ಅಲ್ಲಿ ‘ಎರ್ಕ್’ ಆಗಿದೆ. ಸಂಸ್ಕೃತದ ‘ದ್ವ’, ಲ್ಯಾಟಿನ್ನಿನ ‘ದುಒ’, ಈ ‘ಎರ್ಕು’ ಮೂರೂ ಒಂದೇ ಬೇರಿನವು. ‘ಉದ್ದ’ಕ್ಕೆ ಅಲ್ಲಿ ‘ಎರ್ಕಾರ್’. ಅದರ ಮೂಲರೂಪವೂ ‘ದ್ವ್’ನಿಂದಲೇ ಶುರು, ಅಂದರೆ ಈ ಬದಲಾವಣೆ ಒಂದೇ ಪದದ್ದಲ್ಲ. ನಮ್ಮ ‘ಎರಡು’ ಬೇರೆಯೇ ಆದ ದ್ರಾವಿಡ ಕುಟುಂಬದ್ದು, ತಮಿಳಿನ ‘ಇರಂಡು’, ತೆಲುಗಿನ ‘ರೆಂಡು’ಗಳ ಜೊತೆಯದು.

ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ಇವತ್ತಿನ ರೂಪದ ಪಕ್ಕ ಇವತ್ತಿನದೇ ರೂಪ ಇಟ್ಟೆ. ನಿಘಂಟಿನಲ್ಲಿ ಅದೇ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಹಳೆಯ ರೂಪ ಇತ್ತು. ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ, ನನಗೆ ಅದು ಬೇಕಿರಲಿಲ್ಲ. ಸಾವಿರಾರು ವರ್ಷ ದೂರದೂರ ಬೆಳೆದ ಎರಡು ಭಾಷೆಗಳಲ್ಲಿ ಒಂದು ಪದ ಇಷ್ಟು ಚೆನ್ನಾಗಿ ಹೊಂದಿದರೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂಭ್ರಮ. ಸೀಟು ಹೋಯಿತು, ಜೊತೆಗೆ ಫೆಲೋಶಿಪ್ಪೂ ಹೋಯಿತು.

ಆಸ್ಟ್ರೇಲಿಯಾದ ಎಂಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಅಂತಲೇ ಅನ್ನುತ್ತಿದ್ದರು. ಇಂಗ್ಲಿಷಿನಿಂದ ತಂದದ್ದಲ್ಲ. ‘ಗುಡಗ’ ಅನ್ನುವ ಹಳೆಯ ಪದ ಸವೆದು ಹಾಗಾಗಿದೆ. ಈ ಕಡೆ ನೋಡಿ: ಕನ್ನಡದ ಹಾಲು, ಹತ್ತು, ಹುಲಿ ತಮಿಳಿನಲ್ಲಿ ಪಾಲ್, ಪತ್ತು, ಪುಲಿ. ಕನ್ನಡದ್ದೇ ಆದ ಪದ ‘ಹ’ದಿಂದ ಶುರುವಾದರೆ ಅಲ್ಲಿ ಸಾಮಾನ್ಯವಾಗಿ ‘ಪ’. ಸಾಲುಸಾಲಾಗಿ ಬರುವ ಈ ವ್ಯತ್ಯಾಸವೇ ನಂಟಿನ ಪುರಾವೆ.

ಇನ್ನು ‘ಎಲ್ಲ ಭಾಷೆಗಳ ತಾಯಿ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಇವತ್ತು ಆಡುವ ಯಾವ ಭಾಷೆಯೂ ಆ ತಾಯಿ ಆಗಲಾರದು, ಎಲ್ಲವೂ ಬದಲಾಗುತ್ತಲೇ ಬಂದಿವೆ. ತಾಯಿ ಒಬ್ಬಳೇ ಇದ್ದಳು ಅನ್ನಲೂ ಆಧಾರ ಸಾಲದು. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಿಂದ ಕಿವುಡ ಮಕ್ಕಳು ಶಾಲೆಗಳಲ್ಲಿ ಒಟ್ಟಿಗೆ ಸೇರಿದಾಗ ತಾವೇ ಹೊಸದೊಂದು ಸನ್ನೆಭಾಷೆ ಕಟ್ಟಿಕೊಂಡರು. ಅದಕ್ಕೆ ತಾಯಿ ಯಾರು ಹೇಳಿ? ಪದಗಳನ್ನು ಹೋಲಿಸುತ್ತಾ ಹಿಂದಕ್ಕೆ ಹೋಗುವ ದಾರಿಯೂ ಸುಮಾರು 10,000 ವರ್ಷಕ್ಕೆ ಮಸುಕಾಗುತ್ತದೆ ಅನ್ನುವುದು ಹೆಚ್ಚಿನ ಭಾಷಾವಿಜ್ಞಾನಿಗಳ ಲೆಕ್ಕ. ಮನುಷ್ಯರು ಬಂದು 2–3 ಲಕ್ಷ ವರ್ಷ ಆಯಿತು. ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ 1866ರಲ್ಲೇ, ಭಾಷೆಯ ಮೂಲದ ಬಗ್ಗೆ ಯಾವ ಬರಹವನ್ನೂ ಸ್ವೀಕರಿಸುವುದಿಲ್ಲ ಅಂತ ನಿಯಮ ಮಾಡಿಬಿಟ್ಟಿತ್ತು. ಮೊದಲ ಸಲ ಓದಿದಾಗ ಇದು ಜಾಸ್ತಿಯಾಯಿತು ಅಂತ ಬೈದುಕೊಂಡಿದ್ದೆ. ಅವರ ಮೇಜಿಗೆ ಎಂಥೆಂಥ ಪಟ್ಟಿಗಳು ಬಂದಿರಬಹುದು ಅಂತ ಈಗ ಊಹಿಸಬಲ್ಲೆ.

ಪುಸ್ತಕ ಖಂಡಿತ ಬೇಡ. ಬರೋ ಮತ್ತು ಎಮೆನೋ ಮಾಡಿದ ದ್ರಾವಿಡ ವ್ಯುತ್ಪತ್ತಿ ಕೋಶ (ಪದಗಳ ಮೂಲ ಹೇಳುವ ನಿಘಂಟು) ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತೆರೆದು ಕೂತು ಕನ್ನಡದ ಕಿವಿಗೆ ತೆಲುಗಿನ ಚೆವಿ, ಕೆರೆಗೆ ಚೆರುವು, ಇಂಥ ಜೋಡಿಗಳನ್ನು ಹೆಕ್ಕಿ. ‘ಕ’ ಎಲ್ಲಿ ‘ಚ’ ಆಗಿದೆ, ಎಲ್ಲಿ ಆಗಿಲ್ಲ, ಮುಂದಿನ ಸ್ವರ ಏನಿದೆ, ಎಲ್ಲ ನೋಡಿ ನಿಯಮವನ್ನು ನೀವೇ ಬರೆಯಿರಿ. ಅದು ಕೈಗೆ ಹತ್ತಿದ ಮೇಲೆ ಪಿಎಚ್‌ಡಿಗೆ ಅರ್ಜಿ ಹಾಕಿ.