ಶಟರ್ ಬಣ್ಣ ಆಮೇಲೆ, ಮೊದಲು ಕಟ್ಟೆಯ ಎತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅಡುಗೆಮನೆಯವೇ. ಮಳೆಗಾಲ ಮುಗಿಯುತ್ತಿದ್ದಂತೆ ಮುಂಬೈ, ಪುಣೆ ಕಡೆ ಮನೆ ಕೆಲಸಗಳು ಶುರುವಾಗುತ್ತವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಹಳೇ ಬಿಲ್ಡಿಂಗಿನಲ್ಲಿ ನಮ್ಮದು ಒನ್ ಬಿಎಚ್‌ಕೆ. ಅಡುಗೆಮನೆ 8 ಅಡಿಗೆ 7 ಅಡಿ. ಕಡಪಾ ಕಲ್ಲಿನ ಕಟ್ಟೆ, ಕೆಳಗೆ ಕಡಪಾದ್ದೇ ಖಾನೆಗಳು, ಮುಂದೆ ಪರದೆ ಬಿಟ್ಟಿದ್ದೇನೆ. ಎಲ್ಲ ಕಿತ್ತುಹಾಕಿ ಬಿಳಿ ಅಕ್ರಿಲಿಕ್‌ನ ಮಾಡ್ಯುಲರ್ ಕಿಚನ್ ಮಾಡಿಸುವ ಆಸೆ. ಕೈಯಲ್ಲಿರುವುದು 2 ಲಕ್ಷ. ನಮ್ಮದು ಕುಂದಾಪುರ ಕಡೆಯ ಅಡುಗೆ, ದಿನಾ ಕಾಯಿ ರುಬ್ಬಲೇಬೇಕು. ಎಲ್ಲಿಂದ ಶುರು ಮಾಡಲಿ?
– ಗೃಹಿಣಿ, ಡೊಂಬಿವಲಿ

ಉತ್ತರ: ಎಲ್ಲ ಕೀಳಬೇಡಿ. ಇದು ನನ್ನ ಮೊದಲ ಮಾತು. ಕಡಪಾ ಖಾನೆಗಳು ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಅವು ಗಟ್ಟಿಯಾಗಿದ್ದರೆ ಅದೇ ಅಳತೆಗೆ ಒಳಗೆ ಸ್ಟೀಲ್ ಟ್ರಾಲಿ, ಅಂದರೆ ಹೊರಗೆಳೆಯುವ ಬುಟ್ಟಿ ಕೂರಿಸಿ, ಮುಂದೆ ಶಟರ್, ಅಂದರೆ ಖಾನೆಯ ಬಾಗಿಲು ಹಾಕಿಸಬಹುದು. ನಿಮ್ಮ ಕಡೆ ಕಿಚನ್ ಟ್ರಾಲಿ ಮಾಡುವವರಿಗೆಲ್ಲ ಇದು ಗೊತ್ತಿರುವ ಕೆಲಸ. ಪೂರ್ತಿ ಹೊಸ ಪೆಟ್ಟಿಗೆ ಕಟ್ಟಿಸುವ ಖರ್ಚು ಉಳಿಯುತ್ತದೆ. ನೋಡುವವರಿಗೆ ಒಳಗೆ ಕಲ್ಲಿದೆಯೋ ಪ್ಲೈ ಇದೆಯೋ ತಿಳಿಯುವುದೂ ಇಲ್ಲ.

ಉಳಿದ ದುಡ್ಡನ್ನು ಗೋಡೆಯೊಳಗೆ ಹಾಕಿ. ಹಳೇ ಬಿಲ್ಡಿಂಗ್‌ಗಳಲ್ಲಿ ಕಬ್ಬಿಣದ ನೀರಿನ ಪೈಪ್ ಒಳಗಿಂದಲೇ ತುಕ್ಕು ಹಿಡಿದಿರುತ್ತದೆ. ಹೊಸ ಟೈಲ್ಸ್ ಹಾಕಿದ ಮೇಲೆ ಅದು ಸೋರಿದರೆ ಟೈಲ್ಸ್ ಒಡೆಯಲೇಬೇಕು. ಆದ್ದರಿಂದ ಪೈಪ್ ಮೊದಲು, ವೈರಿಂಗ್ ಅದರ ಜೊತೆಗೆ, ಟೈಲ್ಸ್ ಆಮೇಲೆ, ಶಟರ್ ಕೊನೆಗೆ. ಮೈಕ್ರೋವೇವ್‌ಗೆ, ಇಂಡಕ್ಷನ್‌ಗೆ ಬೇರೆಬೇರೆ 16 ಆಂಪಿಯರ್ ಪಾಯಿಂಟ್ ಬೇಕು. 2000 ವ್ಯಾಟ್‌ನ ಇಂಡಕ್ಷನ್ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಸಾಕೆಟ್‌ಗೆ ಹಾಕಿದರೆ ಪ್ಲಗ್ ಸುಟ್ಟುಹೋಗುತ್ತದೆ. ನಿಮಗೆ ಮಿಕ್ಸರ್, ಗ್ರೈಂಡರ್ ಎರಡೂ ದಿನಾ ಬೇಕು ಅಂದ ಮೇಲೆ ಅವಕ್ಕೆ ಕಟ್ಟೆಯ ಮೇಲೆ ಕಾಯಂ ಜಾಗ, ಪಕ್ಕದಲ್ಲೇ ಸ್ವಿಚ್ ಇರಲಿ. ಗ್ರೈಂಡರನ್ನು ಕೆಳಗಿನ ಖಾನೆಯಲ್ಲಿಟ್ಟು ಪ್ರತಿ ಸಲ ಎತ್ತುವುದು ಅಂದರೆ ಸೊಂಟಕ್ಕೆ ನಾವೇ ಕೊಡುವ ಶಿಕ್ಷೆ. ಎಲ್ ಆಕಾರದ ಕಟ್ಟೆಯಾದರೆ ಮೂಲೆ ಹೇಗೂ ಸುಮ್ನೆ ಬಿದ್ದಿರುತ್ತದೆ, ಗ್ರೈಂಡರ್ ಅಲ್ಲಿ ಸರಿಯಾಗಿ ಕೂರುತ್ತದೆ. ಹೆರೆಮಣೆಯಲ್ಲಿ ಕಾಯಿ ಹೆರೆಯುವ ಅಭ್ಯಾಸ ಇದ್ದರೆ ನೆಲದಲ್ಲಿ ಒಬ್ಬರು ಕೂರುವಷ್ಟು ಜಾಗವನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಫ್ರಿಜ್ ಬಂದು ಅಲ್ಲೇ ನಿಲ್ಲುತ್ತದೆ.

ಡಿಸೈನರ್‌ಗಳು ನಿಮಗೆ ಒಲೆ, ಸಿಂಕ್, ಫ್ರಿಜ್‌ನ ತ್ರಿಕೋನದ ಬಗ್ಗೆ ಹೇಳಬಹುದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೆಕ್ಕ ಅದು. ಮೂರು ಬದಿ ಸೇರಿ 13ರಿಂದ 26 ಅಡಿ ಇರಬೇಕು ಅನ್ನುತ್ತದೆ. ನಿಮ್ಮ 8 ಅಡಿಗೆ 7 ಅಡಿಯ ಅಡುಗೆಮನೆಯಲ್ಲಿ ನಡೆದಾಡುವ ದೂರ ಒಂದು ಸಮಸ್ಯೆಯೇ ಅಲ್ಲ, ತೊಂದರೆ ಇರುವುದು ಇಳಿಸಿಡುವ ಜಾಗದ್ದು. ಕುದಿಯುವ ಸಾರಿನ ಪಾತ್ರೆ ಕೈಯಲ್ಲಿದೆ, ಇಡಲು ಜಾಗ ಇಲ್ಲ, ಅಲ್ವಾ? ಅದಕ್ಕೇ ಸಿಂಕ್‌ಗೂ ಒಲೆಗೂ ನಡುವೆ ಕಡಿಮೆ ಅಂದರೂ ಎರಡು ಅಡಿ ಕಟ್ಟೆ ಖಾಲಿ ಇರಬೇಕು ಅಂತ ಪಟ್ಟು ಹಿಡಿಯಿರಿ. ಸಿಂಕ್ ಒಂದೇ ತೊಟ್ಟಿಯದ್ದು, ಆಳದ್ದು ತೆಗೆದುಕೊಳ್ಳಿ. ಎರಡು ಸಣ್ಣ ತೊಟ್ಟಿಯದ್ದರಲ್ಲಿ ಬಾಣಲೆಯೂ ಹಿಡಿಸುವುದಿಲ್ಲ, ಇಡ್ಲಿ ಪಾತ್ರೆಯೂ ಹಿಡಿಸುವುದಿಲ್ಲ.

ಬಿಳಿ ಅಕ್ರಿಲಿಕ್ ಶಟರ್ ಅಂಗಡಿಯ ದೀಪದಲ್ಲಿ ಚೆಂದ ಕಾಣುತ್ತದೆ. ಮನೆಯಲ್ಲಿ ಬೆರಳಿನ ಗುರುತು, ಗೀರು ಎಲ್ಲ ಎದ್ದು ಕಾಣುತ್ತವೆ. ಅರಿಶಿನ, ಕೊಬ್ಬರಿ ಎಣ್ಣೆ ಓಡಾಡುವ ಅಡುಗೆಮನೆಗೆ ನಾನು ಹೇಳುವುದು 1 ಮಿಲಿಮೀಟರ್‌ನ ಮ್ಯಾಟ್ ಲ್ಯಾಮಿನೇಟ್. ಬಿಳಿಯೇ ಬೇಕೆನಿಸಿದರೆ ಮೇಲಿನ ಕಪಾಟುಗಳಿಗೆ ತಿಳಿ ಬಣ್ಣ, ಕೆಳಗೆ ಗಾಢ ಬಣ್ಣ ಹಾಕಿಸಿ, ಸಣ್ಣ ಕೋಣೆ ಎತ್ತರವಾಗಿ ಕಾಣುತ್ತದೆ. ಒಳಗಿನ ಹಲಗೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ್ದು, ಬೇಡವೇ ಬೇಡ. ಮುಂಬೈ ಮಳೆಯಲ್ಲಿ ನಾಲ್ಕು ತಿಂಗಳು ಗಾಳಿಯೇ ಒದ್ದೆ, ನೀರು ತಾಗಿದ ಎಂಡಿಎಫ್ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಪ್ಲೈ ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಅಂತ ಅಚ್ಚಿದೆಯೇ ನೋಡಿ, ಅದೇ ನೀರು ತಡೆಯುವ ಮರೀನ್ ಪ್ಲೈ. ಕಡೇಪಕ್ಷ ಸಿಂಕ್ ಸುತ್ತಲಾದರೂ ಅದನ್ನೇ ಹಾಕಿಸಿ. ಹಾಳೆ ಕತ್ತರಿಸುವ ಮುಂಚೆ ನೀವೇ ನಿಂತು ನೋಡಬೇಕು, ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲ ಪ್ಲೈಯೂ ಒಂದೇ ಥರ ಕಾಣುತ್ತದೆ. ಮನೆಗೆ ಬೀಗ ಹಾಕಿ, ಕೆಲಸದವರ ಕೈಗೆ ಕೀಲಿ ಕೊಟ್ಟು ಊರಿಗೆ ಹೋಗುವ ಯೋಚನೆ ಮಾತ್ರ ಮಾಡಬೇಡಿ.

ಪ್ರಶ್ನೆ: ನಾವು ವಿಜಯಪುರದವರು, ಈಗ ಪುಣೆಯ ಹಡಪ್ಸರ್‌ನಲ್ಲಿ ಹೊಸ ಫ್ಲ್ಯಾಟ್ ತಗೊಂಡಿದ್ದೇವೆ. ಅವ್ವನಿಗೆ 66 ವರ್ಷ, ಎತ್ತರ 5 ಅಡಿ ಇಲ್ಲ. ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ. ನನ್ನ ಹೆಂಡತಿ 5 ಅಡಿ 6 ಇಂಚು. ಬಿಲ್ಡರ್ ಕೊಟ್ಟ ಕಟ್ಟೆ 34 ಇಂಚು. ಅವ್ವನಿಗೆ ಭುಜ ನೋವು, ಹೆಂಡತಿಗೆ ಬೆನ್ನು ನೋವು. ಯಾರ ಅಳತೆಗೆ ಕಟ್ಟೆ ಮಾಡಿಸಬೇಕು?
– ಕಂಪನಿ ನೌಕರ, ಪುಣೆ

ಉತ್ತರ: ಇಬ್ಬರ ಅಳತೆಗೂ ಮಾಡಿಸಿ. ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಂತೋಷವಾಯಿತು, ಯಾಕೆಂದರೆ ಬಣ್ಣ ಕೇಳುವವರೇ ಜಾಸ್ತಿ, ಭುಜ ನೋವಿನ ಬಗ್ಗೆ ಕೇಳುವವರು ಕಡಿಮೆ.

ಲೆಕ್ಕ ಹೀಗಿದೆ. ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈಯವರೆಗೆ ಅಳೆಯಿರಿ. ಹೆಚ್ಚುವ, ಕಲಸುವ ಹಗುರ ಕೆಲಸಕ್ಕೆ ಕಟ್ಟೆ ಅದಕ್ಕಿಂತ 4ರಿಂದ 6 ಇಂಚು ಕೆಳಗಿರಬೇಕು. ನಿಮ್ಮ ಹೆಂಡತಿಗೆ ಅದು 36 ಇಂಚಿನ ಹತ್ತಿರ ಬರುತ್ತದೆ. ರೊಟ್ಟಿ ಬಡಿಯುವುದು ಹಗುರ ಕೆಲಸ ಅಲ್ಲ. ಹಿಟ್ಟು ನಾದುವಾಗ, ಬಡಿಯುವಾಗ ಮೈಭಾರ ಅಂಗೈ ಮೇಲೆ ಬೀಳಬೇಕು. ಕಟ್ಟೆ ಎತ್ತರವಾದರೆ ಭಾರ ಬೀಳುವುದಿಲ್ಲ, ಆಗ ಭುಜ ಎತ್ತಿ ಎತ್ತಿ ಬಡಿಯಬೇಕಾಗುತ್ತದೆ. ಅವ್ವನ ನೋವು ಅಲ್ಲಿಂದಲೇ ಬಂದಿರಬಹುದು. ಇಂಥ ಕೆಲಸಕ್ಕೆ ಮೊಣಕೈಗಿಂತ 8 ಇಂಚಾದರೂ ಕೆಳಗೆ, ಅಂದರೆ ಅವರಿಗೆ ಸುಮಾರು 28 ಇಂಚು ಸರಿಯಾಗುತ್ತದೆ.

ಹಾಗಾಗಿ ಕಟ್ಟೆಯ ಒಂದು ತುದಿಯಲ್ಲಿ ಎರಡೂವರೆ ಅಡಿ ಉದ್ದದ ಭಾಗವನ್ನು 28 ಇಂಚಿಗೆ ಇಳಿಸಿ. ಅದರ ಕೆಳಗೆ ಖಾನೆ ಬೇಡ, ಖಾಲಿ ಬಿಡಿ. ನಿಂತು ಸಾಕಾದ ದಿನ ಅವ್ವ ಅಲ್ಲೇ ಸ್ಟೂಲ್ ಹಾಕಿಕೊಂಡು ಕಾಲು ಒಳಗೆ ಬಿಟ್ಟು ಕೂರಬಹುದು. ಒಲೆಯ ಮೇಲೆ ಹಂಚು ಇಟ್ಟರೆ ಎತ್ತರ ಇನ್ನೂ ಐದಾರು ಇಂಚು ಏರುತ್ತದೆ, ಆದ್ದರಿಂದ ರೊಟ್ಟಿಯ ಒಲೆಯೂ ಈ ತಗ್ಗಿನ ಭಾಗದ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಇರಲಿ. ಕಟ್ಟೆಯೊಳಗೇ ಕೂರಿಸುವ ಗಾಜಿನ ಒಲೆ (ಹಾಬ್) ಬೇಡ, ಸಾದಾ ಎರಡು ಬರ್ನರ್ ಒಲೆ ಸಾಕು. ಒಣ ಹಿಟ್ಟು ಬರ್ನರ್‌ಗೆ ಬಿದ್ದಾಗ ಅದನ್ನು ಎತ್ತಿ ಕೊಡವಿ ತೊಳೆಯಬಹುದು. ಸಿಂಕ್ ಮಾತ್ರ ನಿಮ್ಮ ಹೆಂಡತಿಯ ಎತ್ತರದ ಕಡೆಯೇ ಇರಲಿ. ತೊಟ್ಟಿಯ ತಳ ಹೇಗೂ 8–9 ಇಂಚು ಕೆಳಗಿರುತ್ತದೆ, ಕಟ್ಟೆ ತಗ್ಗಿದ್ದರೆ ಪಾತ್ರೆ ತೊಳೆಯುವವರು ಬಗ್ಗಿಯೇ ನಿಲ್ಲಬೇಕು.

ಮೇಲ್ಮೈಗೆ ಗ್ರಾನೈಟ್ ಹಾಕಿಸಿ. ಬಿಸಿ ಹಂಚು ಇಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಕ್ವಾರ್ಟ್ಜ್ ಅಂತ ಮಾರುವುದರಲ್ಲಿ ರಾಳ ಸೇರಿರುತ್ತದೆ, ಕಾದ ಹಂಚು ಇಟ್ಟರೆ ಕಲೆ ಬೀಳಬಹುದು. ಬಿಳಿ ಮಾರ್ಬಲ್‌ಗೆ ಹುಣಸೆ, ನಿಂಬೆ ಆಗುವುದಿಲ್ಲ, ಹುಳಿ ಕಲ್ಲನ್ನೇ ತಿನ್ನುತ್ತದೆ. ನಿಮ್ಮ ಫ್ಲ್ಯಾಟ್‌ಗೆ ಡ್ರೈ ಬಾಲ್ಕನಿ, ಅಂದರೆ ಅಡುಗೆಮನೆಗೆ ಅಂಟಿದ ಸಣ್ಣ ಬಾಲ್ಕನಿ ಇದ್ದರೆ ಜೋಳದ ಡಬ್ಬ, ಖಾರ ಕುಟ್ಟುವ ಕೆಲಸ ಅಲ್ಲಿಗೆ ಹೋಗಲಿ.

ಪ್ರಶ್ನೆ: ವಾಸ್ತು ಪ್ರಕಾರ ಒಲೆ ಆಗ್ನೇಯಕ್ಕೆ ಬೇಕು ಅನ್ನುತ್ತಾರೆ ಅತ್ತೆ. ನಮ್ಮಲ್ಲಿ ಅಲ್ಲಿ ಕಿಟಕಿ ಇದೆ.
– ಶಿಕ್ಷಕಿ, ಚಿಂಚ್‌ವಡ್

ಉತ್ತರ: ಅತ್ತೆಯ ಮಾತು ಇರಲಿ, ಆದರೆ ತೆರೆದ ಕಿಟಕಿಯ ಕೆಳಗೆ ಸರಿಯಾಗಿ ಒಲೆ ಬೇಡ. ಗಾಳಿಗೆ ಉರಿ ಆರಿದರೆ ಗ್ಯಾಸ್ ಸೋರುತ್ತದೆ, ಪರದೆ ಇದ್ದರೆ ಬೆಂಕಿಯ ಭಯ. ಅದೇ ಗೋಡೆಯಲ್ಲಿ ಕಿಟಕಿಯಿಂದ ಒಂದೆರಡು ಅಡಿ ಪಕ್ಕಕ್ಕೆ ಸರಿಸಿ. ಇದನ್ನು ಅತ್ತೆಗೆ ಹೀಗೇ ಹೇಳಿ, ಒಪ್ಪುತ್ತಾರೆ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರದ ಹತ್ತಿರ ಮನೆ. ವಾರದಲ್ಲಿ ನಾಲ್ಕು ದಿನ ಮೀನು ಹುರಿಯುತ್ತೇವೆ. ಚಿಮಣಿ ಹಾಕಿಸಲಾ? ಟ್ರಾಲಿಗಳಿಗೂ ಎರಡೇ ವರ್ಷದಲ್ಲಿ ತುಕ್ಕು ಹಿಡಿಯಿತು.
– ಹಡಗುಕಟ್ಟೆ ನೌಕರ, ಗೋವಾ

ಉತ್ತರ: ಮೀನು ಹುರಿಯುವ ಮನೆಗೆ ಚಿಮಣಿ ಬೇಕು. ಆದರೆ ಹೊಗೆಯನ್ನು ಪೈಪ್‌ನಲ್ಲಿ ಮನೆಯ ಹೊರಗೆ ಬಿಡುವಂಥದ್ದೇ ಬೇಕು. ಇದ್ದಿಲು ಫಿಲ್ಟರ್‌ನದ್ದು ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುತ್ತದೆ, ಶೆಕೆ ಒಳಗೇ ಉಳಿಯುತ್ತದೆ. ಪೈಪ್ 6 ಇಂಚಿನದ್ದು, ಆದಷ್ಟು ಗಿಡ್ಡ, ಆದಷ್ಟು ನೇರ. ಒಲೆಯಿಂದ ಚಿಮಣಿಗೆ 26ರಿಂದ 30 ಇಂಚು ಅಂತರ ಇರಲಿ.

ತುಕ್ಕಿನ ವಿಷಯ. ಉಪ್ಪುಗಾಳಿಗೆ ಅಗ್ಗದ ಸ್ಟೀಲಿಗಿಂತ ಚೆನ್ನಾಗಿ ತಡೆಯುವುದು 304 ದರ್ಜೆಯ ಸ್ಟೀಲ್. ಅಗ್ಗದ ಟ್ರಾಲಿಗಳು 202ರಲ್ಲಿ ಮಾಡಿರುತ್ತವೆ. ಆಯಸ್ಕಾಂತ ಅಂಟುವುದಿಲ್ಲ ನೋಡಿ ಅಂತ ಅಂಗಡಿಯವರು ತೋರಿಸುತ್ತಾರೆ, ಅದನ್ನು ನಂಬಬೇಡಿ, 202ಕ್ಕೂ ಆಯಸ್ಕಾಂತ ಹೆಚ್ಚಾಗಿ ಅಂಟುವುದಿಲ್ಲ. ಬಿಲ್‌ನಲ್ಲಿ 304 ಅಂತ ಬರೆಸಿಕೊಳ್ಳಿ. ಕೀಲು, ಸ್ಕ್ರೂಗಳಿಗೂ ಇದೇ ಮಾತು.

ಪ್ರಶ್ನೆ: ಬೊರಿವಲಿಯಲ್ಲಿ ನಮ್ಮ ಟೂ ಬಿಎಚ್‌ಕೆ. ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆದು ಓಪನ್ ಕಿಚನ್ ಮಾಡಬೇಕು. ಪೈಪ್ ಗ್ಯಾಸ್ ಅದೇ ಗೋಡೆಯಲ್ಲಿದೆ. ಕಾಂಟ್ರಾಕ್ಟರ್ ತಾನೇ ಸರಿಸುತ್ತೇನೆ ಅನ್ನುತ್ತಾರೆ.
– ಬ್ಯಾಂಕ್ ಉದ್ಯೋಗಿ, ಮುಂಬೈ

ಉತ್ತರ: ಗ್ಯಾಸ್ ಪೈಪನ್ನು ಕಾಂಟ್ರಾಕ್ಟರ್ ಮುಟ್ಟಲೇಬಾರದು. ಪೈಪ್ ಗ್ಯಾಸ್ ಕೊಡುವ ಕಂಪನಿ ಮಹಾನಗರ್ ಗ್ಯಾಸ್‌ಗೆ ಅರ್ಜಿ ಕೊಡಿ, ಅವರ ಜನರೇ ಬಂದು ಸರಿಸಬೇಕು. ಕೆಲಸ ಶುರುವಾಗುವ ಎಷ್ಟೋ ದಿನ ಮೊದಲೇ ಅರ್ಜಿ ಹಾಕಿ. ಪೈಪ್ ಮತ್ತು ವಾಲ್ವನ್ನು ಕಪಾಟಿನೊಳಗೆ ಮುಚ್ಚಿಬಿಡಬೇಡಿ, ಕೈಗೆ ಸಿಗುವಂತಿರಲಿ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲೆ ಸೇರುತ್ತದೆ, ಅದಕ್ಕೆ ಗಾಳಿಕಿಂಡಿ ಮೇಲೆ ಬೇಕು. ಸಿಲಿಂಡರ್ ಗ್ಯಾಸ್ ಭಾರ, ಅದು ನೆಲದಲ್ಲಿ ಸೇರುತ್ತದೆ, ಅದಕ್ಕೆ ಕಿಂಡಿ ಕೆಳಗೆ.

ಗೋಡೆಯ ಬಗ್ಗೆ ಸೊಸೈಟಿಯ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಒಮ್ಮೆ ತೋರಿಸಿ. ಕಂಬ, ತೊಲೆ ಮುಟ್ಟುವ ಹಾಗಿಲ್ಲ. ಸಿಂಕನ್ನು ಹಾಲ್ ಕಡೆಗೆ ತರಬೇಡಿ, ನೀರು ಸೋರಿದರೆ ಕೆಳಗಿನವರ ಹಾಲ್‌ಗೆ ಇಳಿಯುತ್ತದೆ. ಇನ್ನೊಂದು ಮಾತು, ದಿನಾ ಒಗ್ಗರಣೆ ಹಾಕುವ ಮನೆಗೆ ಪೂರ್ತಿ ಓಪನ್ ಕಿಚನ್ ನನಗೆ ಇಷ್ಟವಿಲ್ಲ. ಸೋಫಾ ಬಟ್ಟೆಗೆ ಆ ವಾಸನೆ ಹಿಡಿದರೆ ಬಿಡುವುದಿಲ್ಲ. ಗೋಡೆಯ ಮೇಲರ್ಧ ತೆಗೆದು ಸರಿಯುವ ಗಾಜು ಹಾಕಿಸಿ. ಬೆಳಕೂ ಬರುತ್ತದೆ, ಬೇಕಾದಾಗ ಮುಚ್ಚಲೂ ಬಹುದು.

ಪ್ರಶ್ನೆ: ಠಾಣೆಯಲ್ಲಿ 11 ತಿಂಗಳ ಕರಾರಿನ ಬಾಡಿಗೆ ಮನೆ. ಮೊಳೆ ಹೊಡೆಯಲೂ ಬಿಡುವುದಿಲ್ಲ. ಏನಾದರೂ ಮಾಡಬಹುದಾ?
– ಹೊಸದಾಗಿ ಮದುವೆಯಾದವರು

ಉತ್ತರ: ಬಿಟ್ಟು ಹೋಗುವಾಗ ಜೊತೆಗೆ ಒಯ್ಯಬಹುದಾದ್ದಕ್ಕೆ ಮಾತ್ರ ಖರ್ಚು ಮಾಡಿ. ಚಕ್ರವಿರುವ ಸ್ಟೀಲ್ ರ‍್ಯಾಕ್ ಒಂದು, ಕಟ್ಟೆಯ ಮೇಲೆ ನಿಲ್ಲುವ ಎರಡು ಅಂತಸ್ತಿನ ಸ್ಟ್ಯಾಂಡ್ ಒಂದು, ಮೇಲಿನ ಕಪಾಟಿನ ಅಡಿಗೆ ಅಂಟಿಸುವ ಚಾರ್ಜಿಂಗ್ ಎಲ್‌ಇಡಿ ದೀಪ. ಹೆಚ್ಚುವಾಗ ನಮ್ಮ ನೆರಳು ನಮ್ಮ ಕೈಮೇಲೇ ಬೀಳುತ್ತದಲ್ಲ, ಆ ದೀಪದಿಂದ ಅದು ತಪ್ಪುತ್ತದೆ. ಕಟ್ಟೆ ತಗ್ಗಿದ್ದರೆ ದಪ್ಪ ಮರದ ಹಲಗೆಯ ಮೇಲೆ ಹೆಚ್ಚಿ, ಎರಡು ಇಂಚು ಎತ್ತರ ಸಿಗುತ್ತದೆ. ಸಿಲಿಂಡರ್ ಒಲೆಯನ್ನು ಪೈಪ್ ಗ್ಯಾಸ್ ಮನೆಗೆ ತಂದಿದ್ದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ, ಅಂದರೆ ಜೆಟ್ ಬದಲಿಸದೆ ಹಚ್ಚಬೇಡಿ.