ಕಣ್ಣಾರೆ ಕಂಡವರೇ ಉಲ್ಟಾ ಹೊಡೆದರೆ ಕೇಸು ಬಿದ್ದುಹೋಯ್ತಾ?

ಪ್ರಶ್ನೆ: ನಮ್ಮ ತಾಲ್ಲೂಕಿನ ಕೊಲೆ ಕೇಸೊಂದರ ವಿಚಾರಣೆ ನಡೆಯುತ್ತಿದೆ. ಕಣ್ಣಾರೆ ಕಂಡೆ ಅಂದಿದ್ದವರು ಮೊನ್ನೆ ಕೋರ್ಟಿನಲ್ಲಿ 'ನಾನೇನೂ ನೋಡಿಲ್ಲ' ಎಂದುಬಿಟ್ಟರು. ಸಂಜೆಯಿಂದಲೇ ವಾಟ್ಸಾಪ್ ಗ್ರೂಪುಗಳಲ್ಲಿ 'ದುಡ್ಡು ತಗೊಂಡಿದ್ದಾನೆ, ಕೇಸು ಮುಗೀತು' ಅಂತ ಅವರ ಫೋಟೋ ಓಡಾಡುತ್ತಿದೆ. ನಿಜಕ್ಕೂ ಮುಗಿದಂತೆಯೇ ಸರ್?

ಉತ್ತರ: ಇಲ್ಲ, ಮುಗಿದಿಲ್ಲ. ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತಾನಾಗಿಯೇ ಸಾಕ್ಷ್ಯ ಆಗುವುದಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದೇ ಲೆಕ್ಕ. ಅಲ್ಲಿ ಮಾತು ಬದಲಾದರೆ ಸರ್ಕಾರಿ ವಕೀಲರು ಕೋರ್ಟಿನ ಅನುಮತಿ ಪಡೆದು, ತಾವೇ ಕರೆಸಿದ ಸಾಕ್ಷಿಗೆ ತಾವೇ ಪಾಟೀ ಸವಾಲು ಹಾಕುತ್ತಾರೆ, ಹಳೆಯ ಹೇಳಿಕೆ ಮುಂದಿಟ್ಟು 'ಹೀಗೆ ಹೇಳಿದ್ದು ನೀವೇ ಅಲ್ವಾ?' ಎಂದು ಸಾಲು ಸಾಲಾಗಿ ಕೇಳುತ್ತಾರೆ. ಹೀಗೆ ತಿರುಗಿಬಿದ್ದವರನ್ನು 'ಪ್ರತಿಕೂಲ ಸಾಕ್ಷಿ' ಅಂದ ಮಾತ್ರಕ್ಕೆ ಅವರ ಮಾತೆಲ್ಲ ಅಳಿಸಿಹೋಗುವುದೂ ಇಲ್ಲ. ಅದರಲ್ಲಿ ನಂಬಬಹುದಾದ ಭಾಗವನ್ನು, ಬೇರೆ ಸಾಕ್ಷ್ಯದ ಬೆಂಬಲವಿದ್ದರೆ, ಬಳಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1970ರ ದಶಕದಿಂದಲೂ ಹೇಳುತ್ತಾ ಬಂದಿದೆ.

ದೆಹಲಿಯ ಜೆಸ್ಸಿಕಾ ಲಾಲ್ ಕೇಸು ನೆನಪಿರಬಹುದು. 1999ರ ಏಪ್ರಿಲ್‌ನಲ್ಲಿ ಈ ರೂಪದರ್ಶಿಯ ಕೊಲೆ. ಮುಖ್ಯ ಸಾಕ್ಷಿಗಳೇ ಒಬ್ಬರಾದ ಮೇಲೊಬ್ಬರು ತಿರುಗಿಬಿದ್ದರು. ಅದರಲ್ಲಿ ಒಬ್ಬರು, ಹೇಳಿಕೆ ಹಿಂದಿಯಲ್ಲಿದೆ, ನನಗೆ ಹಿಂದಿ ಬರಲ್ಲ ಎಂದರು. 2006ರ ಫೆಬ್ರುವರಿಯಲ್ಲಿ ಆರೋಪಿಗಳೆಲ್ಲ ಖುಲಾಸೆ. ಜನ ಮೇಣದಬತ್ತಿ ಹಿಡಿದು ಇಂಡಿಯಾ ಗೇಟ್ ಹತ್ತಿರ ನಿಂತರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್, ತಿರುಗಿಬೀಳದೆ ನಿಂತ ಸಾಕ್ಷಿಗಳ ಮಾತನ್ನು ನಂಬಿ ಮುಖ್ಯ ಆರೋಪಿ ಮನು ಶರ್ಮಾಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಮೊನ್ನೆಯ ಒಂದು ದಿನ ನೋಡಿ ಕೈಚೆಲ್ಲಬೇಡಿ. ವೈದ್ಯರು, ಮಹಜರಿಗೆ (ಪೊಲೀಸರು ಸ್ಥಳದಲ್ಲೇ ಬರೆಯುವ ದಾಖಲೆಗೆ) ಸಹಿ ಹಾಕಿದ ಪಂಚರು, ತನಿಖಾಧಿಕಾರಿ ಇವರೆಲ್ಲರ ಸಾಕ್ಷ್ಯವೂ ಇರುತ್ತದಲ್ಲ.

ಫೋಟೋ ಹಂಚುವುದನ್ನು ಮಾತ್ರ ಈಗಲೇ ನಿಲ್ಲಿಸಿ. ಅವರು ದುಡ್ಡು ತಿಂದರೋ, ಮಕ್ಕಳ ತಲೆ ಮೇಲೆ ಯಾರಾದರೂ ಬೆದರಿಕೆ ಇಟ್ಟರೋ ನಿಮಗೆ ಗೊತ್ತಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದರೆ ಕ್ರಮ ತಗೊಳ್ಳೋಕೆ ಕೋರ್ಟಿಗೆ ಅಧಿಕಾರವಿದೆ. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಇನ್ನೂ ಕಟಕಟೆ ಹತ್ತದ ಸಾಕ್ಷಿಗಳ ವಿಚಾರ. ಈ ಗದ್ದಲ ನೋಡಿ ಅವರೂ ಹೆದರುತ್ತಾರೆ.

ಅವರಲ್ಲಿ ಯಾರಿಗಾದರೂ ಬೆದರಿಕೆ ಬಂದಿದ್ದರೆ, 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಮನೆಯವರೂ ಹಾಕಬಹುದು. ಸರ್ಕಾರಿ ವಕೀಲರನ್ನು ಕೇಳಿದರೆ ದಾರಿ ತೋರಿಸುತ್ತಾರೆ, ಮುಂದಿನ ತಾರೀಖಿಗೆ ಮುಂಚೆಯೇ ಹೋಗಿ ಕೇಳಿ.